ಮೂರು ಹತ್ತರ ಮುಚ್ಚಳ

ನಮ್ಮೂರಿನಲ್ಲಿ ದಿನಾ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಮುಚ್ಚಳ ಬೀಳುತ್ತದೆ. ಆ ಹೊತ್ತಿಗೆ ಊರಿನಲ್ಲಿ ಏನೇನು ತೆರೆದಿರುತ್ತದೋ ಅದೆಲ್ಲ ತಾನಾಗಿ ಮುಚ್ಚಿಕೊಳ್ಳುತ್ತದೆ. ಬಾಗಿಲು, ಕಿಟಕಿ, ಕೊಡೆ, ಪುಸ್ತಕ, ಉಪ್ಪಿನಕಾಯಿ ಭರಣಿ, ಅಂಗಡಿಯ ಶಟರು, ಆಕಳಿಸುತ್ತಿದ್ದವರ ಬಾಯಿ. ತಲೆಯೊಳಗೆ ಅರ್ಧಕ್ಕೆ ನಿಂತಿದ್ದ ಯೋಚನೆಯೂ ಮುಚ್ಚಿಕೊಳ್ಳುವುದರಿಂದ, ಏನು ಮಾಡುತ್ತಿದ್ದೆ, ಏನು ಹೇಳುತ್ತಿದ್ದೆ ಎಂಬುದು ಯಾರಿಗೂ ನೆನಪಿರುವುದಿಲ್ಲ. ಒಂದು ನಿಮಿಷ ಕಳೆದರೆ ಬೇಕಾದದ್ದನ್ನು ಮತ್ತೆ ತೆರೆದುಕೊಳ್ಳಬಹುದು, ಅಡ್ಡಿಯಿಲ್ಲ. ಬೇಕಾದದ್ದು ಯಾವುದು ಅಂತ ಗೊತ್ತಿರಬೇಕು, ಅಷ್ಟೆ.

ಹೊರಗಿನಿಂದ ಬಂದವರು ಇದನ್ನು ದೊಡ್ಡ ಸೋಜಿಗ ಅಂದುಕೊಳ್ಳುತ್ತಾರೆ. ನಮಗೆ ಹಾಗೇನೂ ಇಲ್ಲ. ಕ್ಷೌರದಂಗಡಿಯವನು ಮೂರು ಗಂಟೆಗೆ ಕತ್ತರಿ ಕೆಳಗಿಡುತ್ತಾನೆ, ದಂತವೈದ್ಯರು ಎರಡೂವರೆಗೇ ಬಾಗಿಲು ಹಾಕುತ್ತಾರೆ, ಮಿಕ್ಕವರು ಹೇಗೋ ಸುಧಾರಿಸಿಕೊಳ್ಳುತ್ತೇವೆ. ಕಟ್ಟುಪಾಡು ಅಂತ ಇರುವುದು ಒಂದೇ. ಮುಚ್ಚಳ ಬಿದ್ದಾಗ ನಿಂತುಹೋದ ಮಾತನ್ನು ಯಾರಾದರೂ ನೆನಪು ಮಾಡಿಕೊಟ್ಟರೆ, ನಿಂತ ಪದದಿಂದಲೇ ಹಿಡಿದು ಅದನ್ನು ಮುಗಿಸಬೇಕು. ಹಿಂದೆ ಒಬ್ಬ ಶ್ಯಾನುಭೋಗರು "ಆಮೇಲೆ ಮುಗಿಸ್ತೀನಿ ಹೋಗ್ರಯ್ಯ" ಅಂದು ಎದ್ದು ಹೋದವರು ಹನ್ನೊಂದು ವರ್ಷ ಬಿಕ್ಕಳಿಸಿದರಂತೆ. ಅಂದಿನಿಂದ ಯಾರೂ ಆ ಸಾಹಸಕ್ಕೆ ಕೈ ಹಾಕಿಲ್ಲ.

ನೆನಪು ಮಾಡಿಕೊಡುವ ಕೆಲಸ ನಮ್ಮ ಅತ್ತೆಯದು. ಹೆಸರು ಮರುಳಮ್ಮ. ಮೂವತ್ತೆಂಟು ವರ್ಷದಿಂದ ಅವರು ಎರಡೂವರೆ ಆಯಿತೆಂದರೆ ನಮ್ಮ ಜಗಲಿಯ ಮೇಲೆ ಬಾಯಿ ಮುಚ್ಚಿ, ಕಣ್ಣು ಮುಚ್ಚಿ, ತಮ್ಮದೇ ಆದ ಒಂದು ಯೋಚನೆಯನ್ನೂ ಶುರು ಮಾಡದೆ ಕೂರುತ್ತಿದ್ದರು. ಕಿವಿಗೆ ಮುಚ್ಚಳವಿಲ್ಲವಲ್ಲ. ತಮ್ಮದು ಅಂತ ಏನೂ ತೆರೆದಿಲ್ಲದಿದ್ದರೆ ಮುಚ್ಚಿಕೊಳ್ಳುವುದಕ್ಕೂ ಏನೂ ಇರುವುದಿಲ್ಲ, ಕೇಳಿಸಿಕೊಂಡದ್ದೆಲ್ಲ ಉಳಿಯುತ್ತದೆ. ಇದನ್ನು ಯಾರು ಬೇಕಾದರೂ ಮಾಡಬಹುದು ಅನ್ನಿಸೀತು. ಮಾಡಿ ನೋಡಿ. ತನ್ನದೊಂದು ಸೇರಿಸದೆ ಸುಮ್ಮನೆ ಇನ್ನೊಬ್ಬರ ಮಾತು ಕೇಳುವವರು ಊರಿಗೆಲ್ಲ ಅವರೊಬ್ಬರೇ ಸಿಕ್ಕಿದ್ದು. ಹಾಗಾಗಿ ಮುಖ್ಯವಾದ ಮಾತುಕತೆ ಇದ್ದವರು ಆ ಹೊತ್ತಿಗೆ ನಮ್ಮ ಜಗಲಿಗೇ ಬಂದು ಆಡುತ್ತಿದ್ದರು. ಒಂದು ಮೂಲೆಯಲ್ಲಿ ಅಣ್ಣತಮ್ಮಂದಿರ ಪಾಲು ಪಂಚಾಯಿತಿ, ಇನ್ನೊಂದು ಮೂಲೆಯಲ್ಲಿ ಗಂಡ ಹೆಂಡಿರ ಜಗಳ, ನಡುವೆ ಹುಳಿಪುಡಿಗೆ ಎಷ್ಟು ಮೆಣಸಿನಕಾಯಿ ಎಂಬ ಚರ್ಚೆ. ಮೂರು ಹನ್ನೊಂದಕ್ಕೆ ಅತ್ತೆ ಕಣ್ಣು ಬಿಟ್ಟು, ಒಬ್ಬೊಬ್ಬರಿಗೇ ಅವರವರ ಕೊನೆಯ ಮಾತು ಹೇಳಿ ಕಳಿಸುತ್ತಿದ್ದರು.

ನಾನು ಪುರಸಭೆಯಲ್ಲಿ ಕಂಪ್ಯೂಟರ್ ಕೆಲಸ ಮಾಡುವವಳು, ಹೆಸರು ಮಂಗಳ. ನನ್ನ ಕಷ್ಟವನ್ನು ಅತ್ತೆ ಕೂಡ ಪರಿಹರಿಸುವಂತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನನ್ನ ಪರದೆಯ ಮೇಲೆ ಹನ್ನೊಂದು ಕಿಟಕಿ ತೆರೆದಿರುತ್ತಿದ್ದವು. ನೀರಿನ ಪಟ್ಟಿ, ಜನನ ಮರಣ, ಬೀದಿದೀಪದ ದೂರು, ಒಂದು ಸಣ್ಣ ಚದುರಂಗದಾಟ. ಮೂರು ಹತ್ತಕ್ಕೆ ಎಲ್ಲ ಫಟ್ಟನೆ ಮುಚ್ಚಿಕೊಳ್ಳುತ್ತಿದ್ದವು. ಯಾವ ಕಡತದ ಎಷ್ಟನೇ ಸಾಲಿನಲ್ಲಿದ್ದೆ ಅಂತ ಹುಡುಕುವಷ್ಟರಲ್ಲಿ ಐದಾಗುತ್ತಿತ್ತು. ಒಮ್ಮೆ ಜನನದ ಪಟ್ಟಿ ಎಂದುಕೊಂಡು ಮರಣದ ಪಟ್ಟಿ ತೆರೆದು ಮೂರು ಹಸುಗೂಸುಗಳನ್ನು ಸೇರಿಸಿಬಿಟ್ಟೆ. ಅವುಗಳ ಅಜ್ಜಿಯರು ಕಚೇರಿಗೆ ಬಂದು ನನಗೆ ಮಾಡಿದ ಮಂಗಳಾರತಿಯನ್ನು ಇಲ್ಲಿ ಬರೆಯುವುದಿಲ್ಲ.

ಅದಕ್ಕೇ ಹಟ ಹಿಡಿದು ಒಂದು ಸ್ಕ್ರಿಪ್ಟು ಬರೆಯಲು ಕೂತೆ. ಯಾವ ಯಾವ ಕಿಟಕಿ ತೆರೆದಿದೆ, ಯಾವುದು ಮೇಲಿದೆ, ಕರ್ಸರು ಎಲ್ಲಿ ಮಿಟುಕುತ್ತಿದೆ ಎಂದು ನಿಮಿಷಕ್ಕೊಮ್ಮೆ ಗುರುತು ಮಾಡಿಕೊಂಡು, ಮುಚ್ಚಳ ಬಿದ್ದ ಮೇಲೆ ಎಲ್ಲವನ್ನೂ ಇದ್ದ ಹಾಗೇ ತೆರೆದಿಡುವ ಸ್ಕ್ರಿಪ್ಟು. ಮೊದಲ ದಿನ ಅದೂ ತೆರೆದೇ ಇದ್ದದ್ದರಿಂದ ಮಿಕ್ಕವುಗಳ ಜೊತೆ ಮುಚ್ಚಿಕೊಂಡು ಕೂತಿತು. ಎರಡನೇ ದಿನ ಹನ್ನೊಂದರ ಬದಲು ಇಪ್ಪತ್ತೆರಡು ಕಿಟಕಿ ತೆರೆಯಿತು, ಮೂರನೇ ದಿನ ನಲವತ್ತನಾಲ್ಕು. ತಾನು ತೆರೆದದ್ದನ್ನೇ ಮತ್ತೆ ಲೆಕ್ಕಕ್ಕೆ ಹಿಡಿಯುತ್ತಿತ್ತು. ಕೊನೆಗೆ ಅತ್ತೆಯನ್ನು ನೋಡಿಯೇ ನನಗೆ ಬುದ್ಧಿ ಬಂತು. ಸ್ಕ್ರಿಪ್ಟು ಮೂರು ಒಂಬತ್ತಕ್ಕೆ ಎಲ್ಲ ಬರೆದಿಟ್ಟು ತಾನೇ ಮುಚ್ಚಿಕೊಂಡು ಮಲಗಲಿ, ಮೂರು ಹನ್ನೊಂದಕ್ಕೆ ಎದ್ದು ಓದಿಕೊಳ್ಳಲಿ. ಮುಚ್ಚಿದ್ದನ್ನು ಮುಚ್ಚಳ ಏನು ಮಾಡೀತು? ಮರುದಿನ ಹನ್ನೊಂದೂ ಕಿಟಕಿ ಸಾಲಾಗಿ ಎದ್ದು ನಿಂತಾಗ ನಾನು ಕುರ್ಚಿಯ ಮೇಲೆ ಕೂತಲ್ಲೇ ಕುಣಿದೆ. ಚದುರಂಗದಲ್ಲಿ ಸೋಲುತ್ತಿದ್ದೆ ಎಂಬುದೂ ಇದ್ದ ಹಾಗೇ ಬಂತು.

ಅಲ್ಲಿಗೇ ನಿಲ್ಲಿಸಿದ್ದರೆ ನನಗೂ ಊರಿಗೂ ಒಳ್ಳೆಯದಿತ್ತು. ಹೊಗಳಿಕೆ ಅನ್ನುವುದು ಕೆಟ್ಟದ್ದು ನೋಡಿ. ಪುರಸಭೆಯ ಸಾಹೇಬರು ಬೆನ್ನು ತಟ್ಟಿ, "ಮಂಗಳಮ್ಮ, ಇದನ್ನ ಊರಿಗೆಲ್ಲ ಮಾಡ್ಬಿಡಿ, ಜನ ಹರಸ್ತಾರೆ" ಅಂದರು. ನಾನು ಹಿಗ್ಗಿ ಹೀರೇಕಾಯಿಯಾದೆ. ಮೂರು ಗಂಟೆಗೆ ಪ್ರತಿ ಮನೆಯವರೂ ಕಚೇರಿಗೆ ಫೋನು ಹಚ್ಚಿ ಪಕ್ಕದಲ್ಲಿಟ್ಟುಕೊಂಡರೆ ಸಾಕು. ಆಡಿದ್ದನ್ನೆಲ್ಲ ಕಂಪ್ಯೂಟರ್ ಕೇಳಿ ಬರೆದುಕೊಂಡು, ಮುಚ್ಚಳ ಬೀಳುವುದಕ್ಕೆ ಕ್ಷಣ ಮೊದಲು ತಾನೂ ಮುಚ್ಚಿಕೊಳ್ಳುತ್ತಿತ್ತು. ಮೂರು ಹನ್ನೊಂದಕ್ಕೆ, ನೀರು ಬಿಡುವ ಸುದ್ದಿ ಸಾರುವ ಧ್ವನಿವರ್ಧಕದಲ್ಲಿ ಮನೆಮನೆಯ ಕೊನೆಯ ಮಾತನ್ನು ಓದಿ ಹೇಳುತ್ತಿತ್ತು. ಮುಗಿಯಿತು ಅಂತ ಮನೆಯವರು ತಿಳಿಸುವ ತನಕ ದಿನಾ ಹೇಳುತ್ತಿತ್ತು. ಅದರ ದನಿಗೆ ರಾಗವಿಲ್ಲ, ದ್ವೇಷವಿಲ್ಲ, ಚಿಹ್ನೆಗಳನ್ನೂ ಬಿಡುತ್ತಿರಲಿಲ್ಲ. "ಮೂರನೇ ಅಡ್ಡರಸ್ತೆ. ನಿನ್ನಂಥ ದರಿದ್ರ ಮುಖವನ್ನು ಅಲ್ಪವಿರಾಮ ಬೆಳಗೆದ್ದು ನೋಡಿದರೆ ಆಶ್ಚರ್ಯಸೂಚಕ."

ಎರಡೇ ವಾರದಲ್ಲಿ ನಮ್ಮ ಜಗಲಿ ಖಾಲಿಯಾಯಿತು. ಅತ್ತೆ ಎರಡೂವರೆಗೆ ಬಂದು ಕೂರುವುದು, ನಾಲ್ಕಕ್ಕೆ ಎದ್ದು ಹೋಗುವುದು. ನನಗೆ ಪಿಚ್ಚೆನ್ನಿಸಿ, "ಬೇಜಾರಾಯ್ತಾ ಅತ್ತೆ?" ಅಂತ ಕೇಳಿದೆ. "ಬೇಜಾರ್ಯಾಕವ್ವ? ಮೂವತ್ತೆಂಟು ವರ್ಷ ಆ ಹೊತ್ತಲ್ಲಿ ಬಾಯಿ ಬಿಟ್ಟಿಲ್ಲ. ಇನ್ಮೇಲೆ ನಾನೂ ನಾಕು ಮಾತಾಡ್ತೀನಿ" ಅಂದರು. ಅದನ್ನು ನಾನು ಸಮಾಧಾನದ ಮಾತು ಅಂದುಕೊಂಡೆ. ಅದು ಎಚ್ಚರಿಕೆ ಅಂತ ಆಮೇಲೆ ಗೊತ್ತಾಯಿತು.

ನನ್ನ ನಾದಿನಿ ನೀಲ ಹೊಲಿಗೆ ಕ್ಲಾಸು ನಡೆಸುತ್ತಾಳೆ. ಮೂವತ್ತಾಗುತ್ತಾ ಬಂದಿತ್ತು, ಬಂದ ಗಂಡುಗಳನ್ನೆಲ್ಲ ಮೂಗು ಮುರಿದು ಕಳಿಸಿದ್ದಳು. ಒಂದು ದಿನ ನನಗೆ ಬುತ್ತಿ ಕೊಡಲು ಕಚೇರಿಗೆ ಬಂದಳು. ಅಲ್ಲಿ ಪಂಚಾಕ್ಷರಿ ಎಂಬಾತ ನೆಲದ ಮೇಲೆ ಕೂತು ನಮ್ಮ ಯುಪಿಎಸ್ ರಿಪೇರಿ ಮಾಡುತ್ತಿದ್ದ. ಮಾತು ಬಲು ಕಡಿಮೆ. ಏನು ಕೇಳಿದರೂ ಸ್ಕ್ರೂ ಡ್ರೈವರಿನಲ್ಲಿ ತೋರಿಸುತ್ತಾನೆ. ಮರುದಿನದಿಂದ ನೀಲ ನನಗೆ ಎರಡು ಬುತ್ತಿ ತರತೊಡಗಿದಳು. ಎಂಟನೇ ದಿನ ಅವಳೇ ಬಂದು, "ಅತ್ತಿಗೆ, ಆದ್ರೆ ಇವ್ರನ್ನೇ. ಇಲ್ದಿದ್ರೆ ಈ ಸುದ್ದಿ ನನ್ ಹತ್ರ ಎತ್ತಲೇಬೇಡಿ" ಅಂದಳು.

ಪಂಚಾಕ್ಷರಿಯ ತಾಯಿ ದಾಕ್ಷಾಯಿಣಮ್ಮ ಮಗನೊಂದಿಗೆ ಹೆಣ್ಣು ನೋಡಲು ಬಂದರು. ಹೆಣ್ಣು ನೋಡಿದ ಒಂಬತ್ತು ದಿನದೊಳಗೆ ಎರಡೂ ಮನೆಯವರು ಎಲೆ ಅಡಿಕೆ ಬದಲಾಯಿಸಿಕೊಳ್ಳದಿದ್ದರೆ ಸಂಬಂಧ ಮುರಿದಂತೆ ಎನ್ನುವುದು ನಮ್ಮ ಕಡೆಯ ಪದ್ಧತಿ. ನಾವು ಒಂಬತ್ತು ಗಳಿಗೆಯಲ್ಲಿ ಮುಗಿಸುವ ಅಂದಾಜಿನಲ್ಲಿದ್ದೆವು. ಒತ್ತು ಶಾವಿಗೆ, ಕಾಯಿಹಾಲು ಮಾಡಿದ್ದೆ. ಎರಡೂ ಮುಕ್ಕಾಲಕ್ಕೆ ತಟ್ಟೆ ಮುಂದಿಟ್ಟೆ. ದಾಕ್ಷಾಯಿಣಮ್ಮ ಒಂದು ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ, "ಶಾವಿಗೆ ಗಟ್ಟಿಯಾಯ್ತೇನೋಪ್ಪ" ಅಂದರು.

ಬೇರೆ ದಿನವಾಗಿದ್ದರೆ ಅತ್ತೆ ಆ ಹೊತ್ತಿನಲ್ಲಿ ತುಟಿ ಬಿಚ್ಚುತ್ತಿರಲಿಲ್ಲ. ಅವತ್ತು ಮೂವತ್ತೆಂಟು ವರ್ಷದ ಬಾಕಿ ಮಾತು ಒಟ್ಟಿಗೆ ಹೊರಬಂತು. "ಗಟ್ಟಿ ಶಾವಿಗೇನೋ, ಗಟ್ಟಿ ಹಲ್ಲಿಲ್ವೋ?" ಅಂದರು. ದಾಕ್ಷಾಯಿಣಮ್ಮ ತಟ್ಟೆ ಕೆಳಗಿಟ್ಟು, "ನನ್ ಹಲ್ಲಿನ ಸುದ್ದಿ ನಿಮಗ್ಯಾಕ್ರೀ?" ಅಂದರು. ಅಲ್ಲಿಂದ ಇಬ್ಬರೂ ಶಾವಿಗೆ ಒರಳಿನ ಮೇಲೆ ಹತ್ತಿ, ಅದರ ತಿರುಪು ಹಿಡಿದು, ಒಬ್ಬರ ವಂಶವನ್ನು ಒಬ್ಬರು ಒತ್ತಿದರು. ಪಂಚಾಕ್ಷರಿ ಮಾತ್ರ ತನ್ನ ತಟ್ಟೆ ಖಾಲಿ ಮಾಡಿ, ತಾಯಿಯದನ್ನೂ ಖಾಲಿ ಮಾಡಿದ. ಮೂರು ಹತ್ತಕ್ಕೆ ಮುಚ್ಚಳ ಬಿತ್ತು. ಇಬ್ಬರೂ ಬಾಯಿ ಮುಚ್ಚಿಕೊಂಡು, ಯಾಕೆ ನಿಂತಿದ್ದೇವೆ ಅಂತ ತಿಳಿಯದೆ, ಒಬ್ಬರನ್ನೊಬ್ಬರು ನೋಡಿ ನಗೆ ಬೀರಿದರು. ದಾಕ್ಷಾಯಿಣಮ್ಮ ಅಭ್ಯಾಸಬಲದಿಂದ ಎಲೆ ಅಡಿಕೆ ತಟ್ಟೆಗೆ ಕೈ ಚಾಚಿಯೂ ಚಾಚಿದರು.

ನಾನೇ ಹೆಮ್ಮೆಯಿಂದ ಕಿಟಕಿಯ ಮೇಲೆ ಎತ್ತಿಟ್ಟಿದ್ದ ಫೋನು ಎಲ್ಲ ಕೇಳಿಸಿಕೊಂಡಿತ್ತು. ಬೀದಿಯ ಧ್ವನಿವರ್ಧಕ ಗಂಟಲು ಸರಿಮಾಡಿಕೊಂಡಿತು. "ಮರುಳಮ್ಮನವರ ಮನೆ. ದಾಕ್ಷಾಯಿಣಮ್ಮ ಹೇಳುತ್ತಿದ್ದುದು, ಇಂಥಾ ಮನೆ ಹೆಣ್ಣು ತಗೊಳ್ಳೋದಕ್ಕಿಂತ. ಮರುಳಮ್ಮ ಹೇಳುತ್ತಿದ್ದುದು, ನಿನ್ನ ನಾಲಿಗೆಗೆ ಆಶ್ಚರ್ಯಸೂಚಕ ಆಶ್ಚರ್ಯಸೂಚಕ." ಚಾಚಿದ ಕೈ ಹಿಂದಕ್ಕೆ ಹೋಯಿತು. ಕಟ್ಟುಪಾಡು ಕಟ್ಟುಪಾಡೇ. ಇಬ್ಬರೂ ನಿಂತ ಪದದಿಂದ ಹಿಡಿದರು.

ಜಗಳ ಮುಗಿಯುವ ಜಾತಿಯದಾಗಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ದಣಿದು ನಿಂತರು. ಮುಗಿಯಿತು ಅಂತ ಮಾತ್ರ ಇಬ್ಬರೂ ಹೇಳಲೊಲ್ಲರು. ಮರುದಿನ ದಾಕ್ಷಾಯಿಣಮ್ಮ ಕೊಡೆ ಹಿಡಿದು ಎರಡೂ ಮುಕ್ಕಾಲಕ್ಕೇ ಹಾಜರು, ಹಿಂದೆ ಮೂಕನಂತೆ ಮಗ. ಅದರ ಮರುದಿನವೂ ಅಷ್ಟೇ. ನಮ್ಮ ಮನೆಯದು ಮಾತ್ರವಲ್ಲ, ಊರಿನ ಗತಿಯೇ ಹಾಗಾಗಿತ್ತು. ಮೊದಲೆಲ್ಲ ಮೂರು ಹತ್ತಕ್ಕೆ ತಣ್ಣಗಾಗುತ್ತಿದ್ದ ಜಗಳಗಳು ಈಗ ದಿನಕ್ಕೆ ದಿನ ಸೇರಿ ಬೆಳೆಯುತ್ತಿದ್ದವು. ಇನ್ನೂರ ಮೂವತ್ತು ಮನೆಯ ಜಗಳ ಓದಿ ಮುಗಿಸಲು ಕಂಪ್ಯೂಟರಿಗೆ ಒಂದು ಗಂಟೆ ಹಿಡಿಯುತ್ತಿತ್ತು. ಅಕ್ಕಪಕ್ಕದವರ ಜಗಳ ಕೇಳಿ ಅದರ ಬಗ್ಗೆ ಹೊಸ ಜಗಳ. ನನ್ನನ್ನು ಹರಸುತ್ತಾರೆಂದಿದ್ದ ಸಾಹೇಬರು ಹೆಂಡತಿಗೆ ಮುಖ ತೋರಿಸಲಾರದೆ ಕಚೇರಿಯಲ್ಲೇ ಊಟ ಮಾಡುತ್ತಿದ್ದರು.

ಎಂಟನೇ ದಿನ ನೀಲ ಹೊಲಿಗೆ ಯಂತ್ರದ ಮುಂದೆ ಕೂತು ದಾರವಿಲ್ಲದ ಸೂಜಿಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. "ನಾಳೆಗೆ ಒಂಬತ್ತು ದಿನ ಅತ್ತಿಗೆ" ಅಂದಳು, ಅಷ್ಟೆ. ಅವಳು ಅತ್ತಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನನ್ನು ಬೈಯದೆ ಹೋದಳಲ್ಲ, ಅದು ಸಹಿಸಲಾಗಲಿಲ್ಲ. ನೇರ ಅತ್ತೆಯ ಹತ್ತಿರ ಹೋದೆ.

"ಅತ್ತೆ, ನೀವಿದ್ದಾಗ ಜಗಳಗಳು ಹೀಗೆ ಎಳೀತಿರ್ಲಿಲ್ಲ. ನಾನು ಮಾಡಿರೋ ಸ್ಕ್ರಿಪ್ಟಲ್ಲಿ ಒಂದು ಅಕ್ಷರ ತಪ್ಪಿಲ್ಲ. ಮತ್ಯಾಕೆ ಹೀಗೆ?"

"ಒಂದಕ್ಷರ ತಪ್ಪಿಲ್ವಲ್ಲ, ಅದಕ್ಕೇ" ಅಂದರು ಅತ್ತೆ. "ಕೇಳ್ಸಿಕೊಂಡಿದ್ದೆಲ್ಲ ನಾನು ಹೇಳ್ತಿದ್ದೆ ಅನ್ಕೊಂಡಿದ್ಯಾ? ಗಂಡ ಹೆಂಡತಿ ಕಡಿದಾಡ್ತಿದ್ರೆ, ನೀನು ಕಾಫಿ ಕೇಳ್ತಿದ್ದೆ ಕಣಪ್ಪ, ನೀನು ತರ್ತೀನಿ ಅಂತಿದ್ದೆ ಕಣವ್ವ ಅಂತಿದ್ದೆ. ಹೋಗಿ ಕಾಫಿ ಕುಡೀತಿದ್ರು."

"ಮೂವತ್ತೆಂಟು ವರ್ಷವೂ ಸುಳ್ಳಾ?" ಅಂದೆ.

"ಎಲ್ಲಾನೂ ಸುಳ್ಳಲ್ಲ. ಸಾಲ ಕೇಳ್ತಿದ್ದೋರಿಗೆ ಸಾಲ ಅಂತಲೇ ಹೇಳ್ದೆ, ಮದ್ವೆ ಮಾತಾಡ್ತಿದ್ದೋರಿಗೆ ಮದ್ವೆ ಅಂತಲೇ ಹೇಳ್ದೆ. ಯಾವ್ದು ಮತ್ತೆ ತೆಗೀಬೇಕು, ಯಾವ್ದು ಮುಚ್ಚಿದ ಹಾಗೇ ಇರ್ಲಿ, ಅದನ್ನ ನೋಡೋದೇ ಅಲ್ವೇನೆ ಕೆಲಸ? ಬರೀ ಜ್ಞಾಪಕ ಇಟ್ಕೊಳ್ಳೋಕೆ ನಾನ್ಯಾಕೆ ಬೇಕು, ಗೋಡೆ ಸಾಕು."

"ಹಾಗಾದ್ರೆ ನಾಳೆ ನಿಮ್ಮಿಬ್ಬರಿಗೂ ಏನು ಓದಿಸ್ಲಿ, ನೀವೇ ಹೇಳಿ."

ಅತ್ತೆ ತಲೆಯಾಡಿಸಿದರು. "ತನ್ನ ಮಾತಿನ ಎಳೆ ತಾನೇ ಹಿಡಿಯೋ ಹಾಗಿಲ್ಲ. ಅದು ನಿನ್ನ ಪಾಡು." ಆಮೇಲೆ ಸ್ವಲ್ಪ ಮೆತ್ತಗೆ, "ಆ ಯಮ್ಮನ್ನ ಕಂಡ್ರೆ ನಂಗೇನೂ ಹಗೆ ಇಲ್ಲ ಕಣೆ. ಶುರು ಮಾಡಿದ್ದು ನಿಲ್ಲಿಸೋದು ಹ್ಯಾಗೆ ಅಂತ ಗೊತ್ತಾಗ್ತಿಲ್ಲ. ಅಭ್ಯಾಸ ಇಲ್ಲ ನೋಡು" ಅಂದರು.

ಒಂಬತ್ತನೇ ದಿನ ಮೂರು ಗಂಟೆಯಿಂದ ಕಚೇರಿಯಲ್ಲಿ ಕಡತ ತೆರೆದುಕೊಂಡು ಕೂತೆ. ಮನೆಯಲ್ಲಿ ಜಗಳ ಜೋರಾಗಿ ನಡೆಯುತ್ತಿತ್ತು, ಪರದೆಯ ಮೇಲೆ ಸಾಲು ಸಾಲಾಗಿ ಬರುತ್ತಿತ್ತು. ನಾನು ಸತ್ಯ ಹರಿಶ್ಚಂದ್ರನ ಮೊಮ್ಮಗಳೇನಲ್ಲ; ಆದರೂ ನನ್ನ ಸ್ಕ್ರಿಪ್ಟಿನೊಳಗೆ ನಾನೇ ಸುಳ್ಳು ತುಂಬಬೇಕಲ್ಲ ಅಂತ ಹಿಂಜರಿದೆ. "ನಿಮ್ಮ ಹುಡುಗಿ ನಮಗೆ ಒಪ್ಪಿಗೆ" ಅಂತ ದಾಕ್ಷಾಯಿಣಮ್ಮನ ಹೆಸರಿನಲ್ಲಿ ಬರೆದೆ. ಅಳಿಸಿದೆ. ಇನ್ನೊಬ್ಬರ ಬಾಯಲ್ಲಿ ಸೊಸೆಯನ್ನು ತುರುಕುವುದು ಎಷ್ಟಾದರೂ ತಪ್ಪು, ನಾಳೆ ಅದನ್ನು ಬಾಳಬೇಕಾದವಳು ನೀಲ. ಕಾಫಿ ಎಂದು ಬರೆದೆ. ಒಂಬತ್ತು ದಿನದ ಜಗಳ ಒಂದು ಲೋಟ ಕಾಫಿಗೆ ಇಳಿಯದು ಅನ್ನಿಸಿ ಅದನ್ನೂ ಅಳಿಸಿದೆ. ಗಡಿಯಾರ ಮೂರು ಆರು ತೋರಿಸುತ್ತಿತ್ತು. ಆಗ ಕೈಗೆ ತೋಚಿದ್ದನ್ನು ಬರೆದು, ಅದರ ಮೇಲೆ ಇನ್ನೇನೂ ಬರೆಯದಂತೆ ಬೀಗ ಹಾಕಿ, ಪಟ್ಟಿಯ ತುದಿಗೆ ನನ್ನದೂ ಒಂದು ಸಾಲು ಸೇರಿಸಿ, ಮನೆಗೆ ಓಡಿದೆ.

ಸಂತೆಬೀದಿಯ ತಿರುವಿನಲ್ಲಿ ಮುಚ್ಚಳ ಬಿತ್ತು. ಕಣ್ಣು ಬಿಟ್ಟಾಗ ಒಂದು ಕಾಲಲ್ಲಿ ಚಪ್ಪಲಿ ಇತ್ತು, ಇನ್ನೊಂದು ಕೈಯಲ್ಲಿತ್ತು, ಏದುಸಿರು ಬರುತ್ತಿತ್ತು. ಯಾಕೆ ಅಂತ ತಿಳಿಯಲಿಲ್ಲ. ಯಾರಿಗಾದರೂ ಹೊಡೆಯಲು ಹೊರಟಿದ್ದೆನೋ ಎಂದು ಸುತ್ತ ನೋಡಿದೆ. ಸೌತೆಕಾಯಿ ಮಾರುವವನು ಎರಡು ಹೆಜ್ಜೆ ಹಿಂದೆ ಸರಿದ. ಅಷ್ಟರಲ್ಲಿ ಧ್ವನಿವರ್ಧಕ ಅಂದಿತು: "ಸಂತೆಬೀದಿ. ಮಂಗಳ ಅಲ್ಪವಿರಾಮ ಮನೆಗೆ ಓಡುತ್ತಿದ್ದಳು ಪೂರ್ಣವಿರಾಮ. ಓಡೇ ಮಾರಾಯ್ತಿ ಆಶ್ಚರ್ಯಸೂಚಕ." ಪಟ್ಟಿಯ ತುದಿ ಅಂದುಕೊಂಡು ತಲೆಯ ಕಡೆಗೆ ಸೇರಿಸಿದ್ದೆನಂತೆ, ಒಳ್ಳೆಯದೇ ಆಯಿತು. ಓಡಿದೆ.

ನಾನು ಹೊಸ್ತಿಲು ದಾಟುವಾಗ ಇಬ್ಬರೂ ಎದುರುಬದುರು ನಿಂತು, ಏನು ಓದೀತೋ ಅಂತ ಬೀದಿಯ ಕಡೆ ಕಿವಿ ಕೊಟ್ಟಿದ್ದರು. ನೀಲ ಅಡುಗೆಮನೆಯ ಬಾಗಿಲಲ್ಲಿ, ಪಂಚಾಕ್ಷರಿ ಕಂಬದ ಪಕ್ಕ. ಎಲೆ ಅಡಿಕೆ ತಟ್ಟೆ ನಡುವೆ ಒಣಗುತ್ತಿತ್ತು.

"ಮರುಳಮ್ಮನವರ ಮನೆ" ಅಂದಿತು ಕಂಪ್ಯೂಟರ್. "ದಾಕ್ಷಾಯಿಣಮ್ಮ ಹೇಳುತ್ತಿದ್ದುದು, ರೀ ಮರುಳಮ್ಮ ಅಲ್ಪವಿರಾಮ ಯಾರಿಗೂ ಹೇಳದ್ದು ನಿಮಗೆ ಹೇಳ್ತೀನಿ ಅಲ್ಪವಿರಾಮ ನಿಜವಾಗಿ ನಂಗೆ. ಮರುಳಮ್ಮ ಹೇಳುತ್ತಿದ್ದುದು ಏನೂ ಇಲ್ಲ ಪೂರ್ಣವಿರಾಮ. ಅವರು ಕೇಳಿಸಿಕೊಳ್ಳುತ್ತಿದ್ದರು ಪೂರ್ಣವಿರಾಮ."

ಅತ್ತೆ ನನ್ನ ಕಡೆ ಒಂದು ಸಲ ನೋಡಿದರು. ಆಮೇಲೆ ಎಷ್ಟೋ ದಿನದ ಮೇಲೆ ತಮ್ಮ ಜಾಗಕ್ಕೆ ಹೋಗಿ, ಕಾಲು ಮಡಚಿ, ಕಣ್ಣು ಮುಚ್ಚಿ, ಬಾಯಿ ಮುಚ್ಚಿ ಕೂತರು. ದಾಕ್ಷಾಯಿಣಮ್ಮ ಕೊಡೆಯನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿದರು, ಬಲಗೈಯಿಂದ ಎಡಗೈಗೆ ಬದಲಾಯಿಸಿದರು. ಏನು ಹೇಳಹೊರಟಿದ್ದರೆಂದು ಅವರಿಗೆ ನೆನಪಿಲ್ಲ. ನಿಂತ ಪದದಿಂದ ಹಿಡಿಯದೆ ಗತಿಯಿಲ್ಲ. ಅತ್ತೆಯ ಎದುರು ನಿಧಾನವಾಗಿ ಕೂತರು.

"ನಿಜವಾಗಿ ನಂಗೆ" ಅಂದರು. ಮಗನನ್ನು ನೋಡಿದರು. "ನಿಜವಾಗಿ ನಂಗೆ ಅಡುಗೆ ಬರಲ್ಲ ಕಣ್ರೀ."

ಒಮ್ಮೆ ಶುರುವಾದದ್ದು ನಿಲ್ಲಲಿಲ್ಲ. "ಇವನಪ್ಪ ಇದ್ದಾಗ ಅವ್ರೇ ಮಾಡ್ತಿದ್ರು. ಅವ್ರು ಹೋದ್ಮೇಲೆ ಇವ್ನು ಮಾಡ್ತಾನೆ. ಬೀದಿಯೋರಿಗೆಲ್ಲ ನಾನೇ ಮಾಡಿದ್ದು ಅಂತ ಹೇಳ್ಕೊಂಡು ಬಂದಿದೀನಿ. ಬರೋ ಸೊಸೆ ಎರಡು ದಿನ ಅಡುಗೆಮನೇಲಿ ನಿಂತ್ರೆ ಸಾಕು, ಎಲ್ಲಾ ಗೊತ್ತಾಗುತ್ತೆ. ಅವತ್ತು ಆ ಶಾವಿಗೆ ಬಾಯಿಗಿಟ್ಟ ತಕ್ಷಣ ಎದೆ ಧಸಕ್ಕಂತು. ಅಷ್ಟು ಚೆನ್ನಾಗಿತ್ತು. ಇವಳ ಮುಂದೆ ನಾನ್ಯಾವ ಮೂಲೆ, ಮಗ ಇನ್ನು ನನ್ನ ಕೇಳ್ತಾನಾ ಅನ್ನಿಸ್ತು. ಅದಕ್ಕೇ ಗಟ್ಟಿ ಅಂದೆ." ಕಣ್ಣು ಒರೆಸಿಕೊಂಡು, "ಮುಗೀತು" ಅಂದರು.

ಅತ್ತೆ ಕಣ್ಣು ಬಿಟ್ಟು, ಅವರ ಕೈಯಿಂದ ಕೊಡೆ ತೆಗೆದು ಪಕ್ಕಕ್ಕಿಟ್ಟರು. ಒಂಬತ್ತು ದಿನ ಎಷ್ಟು ಆಶ್ಚರ್ಯಸೂಚಕ ಓದಿಸಿದ್ದೆನಲ್ಲ, ಒಳಗಿದ್ದದ್ದು ಇಷ್ಟು.

ಅಡುಗೆಮನೆಯ ಬಾಗಿಲಿನಿಂದ ನೀಲ ಒಂದು ಹೆಜ್ಜೆ ಮುಂದೆ ಬಂದಳು. ಮುಖ ಕೆಂಪಾಗಿತ್ತು. "ಶಾವಿಗೆ ಮಾಡಿದ್ದು ಅತ್ತಿಗೆ. ಬುತ್ತಿಗೆ ಅಡುಗೆ ಮಾಡಿದ್ದೂ ಅತ್ತಿಗೆ, ನಾನು ಬರೀ ಹೊತ್ಕೊಂಡು ಹೋಗಿದ್ದು" ಅಂದಳು. "ನಂಗೂ ಬರಲ್ಲ."

ದಾಕ್ಷಾಯಿಣಮ್ಮ ಅತ್ತೆಯನ್ನು ನೋಡಿದರು, ಅತ್ತೆ ನನ್ನನ್ನು ನೋಡಿದರು, ನಾನು ತಟ್ಟೆಯನ್ನು ನೋಡಿದೆ. ಒಂಬತ್ತು ದಿನದಿಂದ ನಮ್ಮ ಮನೆಯಲ್ಲಿ ಒಂದು ಮಾತೂ ಆಡದ ಪಂಚಾಕ್ಷರಿ ಕಂಬ ಬಿಟ್ಟು ಈಚೆ ಬಂದ. ಎಲೆ ಅಡಿಕೆ ತಟ್ಟೆಯನ್ನು ತಾನೇ ಎತ್ತಿ ಅತ್ತೆಯ ಕೈಗೆ ಕೊಟ್ಟು, ನೀಲಳ ಕಡೆ ತಿರುಗಿ, ಇದೇನು ಮಹಾ ಎನ್ನುವಂತೆ ಹೇಳಿದ.

"ನಂಗೆ ಬರುತ್ತಲ್ಲ."